ನೌಕರಿ ಕೊಡಿಸಲು ಹೊರಟ ಕಾಕಾ

ಯಾರಿಗಾದರೂ ಉಪಕಾರ ಮಾಡಲು ಹೊರಟೆನೆಂದರೆ ನನ್ನ ಮರ್ಯಾದೆ ಬೀದಿಯಲ್ಲಿ ಹರಾಜಾಗುತ್ತದೆ. ಎಷ್ಟು ಸಲ ಆದರೂ ನನಗೆ ಬುದ್ಧಿ ಬರುವುದಿಲ್ಲ. ಅಕ್ಕಲಕೋಟೆಯ ನಮ್ಮ ಓಣಿಯಲ್ಲಿ ಕಿವಿ ಕೇಳಿಸದ, ಮಾತು ಬಾರದ ತರುಣನೊಬ್ಬನಿದ್ದಾನೆ. ಸೊಲ್ಲಾಪುರದಲ್ಲಿ ಕಿವುಡರ ಶಾಲೆಗೆ ಹೋಗಿ ಹನ್ನೆರಡನೆಯ ಇಯತ್ತೆ ಪಾಸಾದ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕೆಲಸ ಬೇಕೆಂಬುದು ಅವನ ಆಸೆ. ಅವನ ಅಣ್ಣನದು ಒಂದೇ ಹಟ: "ಹೊಲದಾಗ ದುಡೀಲಿಕ್ಕೆ ಕಿವಿ ಯಾಕ ಬೇಕು? ದೀಪಾವಳಿತನಾ ನೋಡ್ತೀನಿ. ನೌಕರಿ ಸಿಗಲಿಲ್ಲಂದ್ರ ಹೊಲಕ್ಕ ಕರಕೊಂಡು ಹೋಗಾಂವ."

ಅವನ ಅವ್ವ ನನ್ನ ಕಿರಾಣಿ ಅಂಗಡಿಗೆ ಬಂದು ಕಣ್ಣೊರೆಸಿಕೊಂಡಳು. ನಾನು ಎದೆ ತಟ್ಟಿಕೊಂಡು, "ಚಿಂತಿ ಬಿಡ್ರಿ ಅಕ್ಕಾ, ನಾ ಅದೀನಲ್ಲಾ" ಎಂದುಬಿಟ್ಟೆ.

ಓಣಿಗೆಲ್ಲ ಪರೀಕ್ಷೆ

ಮೊದಲು ಅವನ ಜೊತೆ ಮಾತಾಡೋಣವೆಂದು ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಗಂಟಲು ಹರಿಯುವ ಹಾಗೆ ಕಿರುಚಿದೆ: "ಎಷ್ಟ್ ಓದೀಯೋ?" ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಮೆಲ್ಲಗೆ ಹೇಳಿದ್ದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದನಂತೆ. ಕಿರುಚಿದರೆ ತುಟಿ ಸೊಟ್ಟಗಾಗಿ ಏನೂ ತಿಳಿಯುವುದಿಲ್ಲವಂತೆ. ಅದು ನನಗೇನು ಗೊತ್ತು? ಇನ್ನೂ ಜೋರಾಗಿ ಕಿರುಚಿದೆ. ಎದುರು ಮನೆಯ ಮುದುಕ ಗಾಬರಿಯಾಗಿ ಹೊರಗೆ ಓಡಿಬಂದು ಕೈ ಮುಗಿದ.

"ಏಳನೇ ಇಯತ್ತೆ ನಾಪಾಸ್ ರೀ! ಈಗ್ಯಾಕ ಕೇಳಾಕತ್ತೀರಿ?"

ವಯಸ್ಸು

ಲೆಕ್ಕದ ಕಂಪ್ಯೂಟರ್ ಕ್ಲಾಸಿಗೆ ಹಚ್ಚಲು ಅವನನ್ನು ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕಲಿಸುವ ಮೇಡಂ ಅವನನ್ನು ನೋಡಿ ಏನು ಕೇಳಿದರೂ ನಾನೇ ಅಡ್ಡ ಬಾಯಿ ಹಾಕಿದೆ. ಅವನು ಉತ್ತರ ಬರೆದು ತೋರಿಸಲೆಂದು ಮೊಬೈಲು ತೆಗೆದ. ನಾನು ಅವನ ಕೈ ಹಿಡಿದು ಕೆಳಗಿಳಿಸಿದೆ. ಪಾಪ, ಅವನಿಗ್ಯಾಕೆ ತ್ರಾಸು ಎಂದು! ಕೊನೆಗೆ ಆಕೆ ಬೇಸತ್ತು ನನ್ನ ಕಡೆ ತಿರುಗಿ ವಯಸ್ಸು ಕೇಳಿದಳು. ನಾನು ಠೀವಿಯಿಂದ, "ಐವತ್ತಾರು" ಎಂದೆ.

ಆಕೆ ಎದ್ದು ನಿಂತು ನನಗೇ ನಮಸ್ಕಾರ ಮಾಡಿದಳು. "ಈ ವಯಸ್ಸಿನ್ಯಾಗ ಕಲೀಬೇಕಂತ ಬಂದೀರಿ, ಭಾಳ ಛಲೋ ಆತು ಕಾಕಾ. ಮಗನ್ನೂ ಜೋಡಿಗೆ ಕರಕೊಂಡು ಬಂದೀರೇನು?"

ಗಿರಾಕಿ ಸಂಗಡ ಮಾತು

ಕೆಲವು ತಿಂಗಳಲ್ಲಿ ಕ್ಲಾಸು ಮುಗಿಯಿತು. ಸೊಲ್ಲಾಪುರದ ನವಿ ಪೇಠೆಯ ಬಟ್ಟೆ ಅಂಗಡಿಯೊಂದಕ್ಕೆ ಅವನನ್ನು ಕರೆದೊಯ್ದೆ. ಸಾಹುಕಾರ ಮೊಬೈಲು ಕಿವಿಗೆ ಒತ್ತಿಕೊಂಡೇ, "ಕೆಲಸ ಅದರಿ, ಆದ್ರ ನಮ್ಮಲ್ಲಿ ಗಿರಾಕಿ ಹೇಳೂದು ಕೇಳಬೇಕಾಗತದ" ಎಂದ. ಅವನ ಬೆನ್ನ ಹಿಂದೆ ಹೆಣ್ಣುಮಗಳೊಬ್ಬಳು, "ಅಣ್ಣಾ, ಹಸರ ಸೀರಿ ತೋರಸ್ರಿ" ಎಂದು ಕೂಗಿ ಕೂಗಿ, ಬೈದುಕೊಂಡು ಹೊರಟುಹೋದಳು.

ನಮ್ಮವನು ಮೊಬೈಲಿನಲ್ಲಿ ಬರೆದು ನನ್ನ ಮುಂದೆ ಹಿಡಿದ: "ಕಾಕಾ, ಇವರಿಗೂ ಕೇಳಸೂದಿಲ್ಲೇನು?"

ಒಂದೇ ಐತಿ

ದೀಪಾವಳಿ ಹತ್ತಿರ ಬಂತು. ಅಣ್ಣ ಹೊಲದಲ್ಲಿ ಕೆಲಸ ಗೊತ್ತು ಮಾಡಿಯೂ ಬಿಟ್ಟಿದ್ದ. ಸೊಲ್ಲಾಪುರದಲ್ಲಿ ಕಾಳು ಕೊಂಡು ಮಾರುವ ಅಡತಿ ಸಾಹುಕಾರರೊಬ್ಬರಿಗೆ ಲೆಕ್ಕಕ್ಕೆ ಜನ ಬೇಕೆಂದು ತಿಳಿದು, ಅವಸರದಲ್ಲಿ ಫೋನು ಮಾಡಿದೆ. ಅವರ ಮನೆಮಾತು ಮರಾಠಿ, ನನ್ನದು ಕನ್ನಡ ಮರಾಠಿ ಎರಡೂ ಕಲಸಿದ್ದು.

"ಸಾಹುಕಾರ್ರ, ನಾಳೆ ಮುಂಜಾನೆ ಮೂಗ ಕಳಸ್ತೀನಿ" ಎಂದೆ.

"ಹೆಂಗೈತಿ?"

"ಒಂದ್ ನಂಬರ್!"

"ಎಷ್ಟು?"

"ಒಂದೇ ಐತಿ."

"ಇರಲಿ, ಕಳಸ್ರಿ. ನೋಡಿ ತಗೋತೀನಿ."

ನನ್ನ ಖುಷಿಗೆ ಮಿತಿಯೇ ಇರಲಿಲ್ಲ. ಮರುದಿನ ಅವನ ಜೊತೆ ಹೋದರೆ, ಬಾಗಿಲಲ್ಲಿ ಇಬ್ಬರು ಹಮಾಲರು ಕೊಕ್ಕೆ ಹಿಡಿದು ನಿಂತಿದ್ದಾರೆ. ತಕ್ಕಡಿಯೂ ಸಿದ್ಧ. ಸಾಹುಕಾರರು ನಮ್ಮ ಬೆನ್ನ ಹಿಂದೆ ಗಾಡಿ ಹುಡುಕುತ್ತ ಕೇಳಿದರು: "ಮೂಗ ಎಲ್ಲೈತಿ?"

ಆಗ ನೆನಪಾಯಿತು. ಮರಾಠಿಯಲ್ಲಿ ಮೂಗ್ ಎಂದರೆ ಹೆಸರುಕಾಳು! ನಾನು ಬೆವರುತ್ತ ಇವನ ಕಡೆ ಬೆರಳು ತೋರಿಸಿ, "ಇವನೇ ರೀ, ಲೆಕ್ಕದ ಕೆಲಸಕ್ಕ" ಎಂದೆ. ಹಮಾಲರು ಹೊಟ್ಟೆ ಹಿಡಿದು ನಕ್ಕರು. ಸಾಹುಕಾರರು ನಗಲಿಲ್ಲ.

"ಇವ್ರಿಗೆ ಹೆಸರಿಲ್ಲೇನು?"

ನನ್ನ ಕಣ್ಣೆದುರು ಬೆಳೆದ ಹುಡುಗ. ಇಡೀ ಓಣಿ ಅವನನ್ನು ಮೂಗ ಎಂದಿತು, ನಾನೂ ಅಂದೆ. ನಿಜವಾದ ಹೆಸರು ಎಂದೂ ಕೇಳಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಾಹುಕಾರರು ನಡೆದದ್ದನ್ನೆಲ್ಲ ತಮ್ಮ ಮೊಬೈಲಿನಲ್ಲಿ ಬರೆದು ಅವನಿಗೆ ತೋರಿಸಿದರು.

ಅವನು ಓದಿದ. ನನ್ನನ್ನೊಮ್ಮೆ ನೋಡಿದ. ನೌಕರಿಯೂ ಹೋಯಿತು, ಮುಖವೂ ಹೋಯಿತು ಎಂದುಕೊಂಡೆ. ಅವನು ಚಪ್ಪಲಿ ಕಳಚಿ ನೆಟ್ಟಗೆ ಹೋಗಿ ಚೀಲ ತೂಗುವ ತಕ್ಕಡಿಯ ಮೇಲೆ ನಿಂತ. ಅಂಕಿ ನೋಡಿಕೊಂಡ. ಮೊಬೈಲಿನಲ್ಲಿ ಮರಾಠಿಯಲ್ಲಿ ಟಕಟಕ ಬರೆದು ಸಾಹುಕಾರರ ಕೈಗೆ ಕೊಟ್ಟ. ಅವರು ಗಟ್ಟಿಯಾಗಿ ಓದಿದರು:

"ಮಾಲು ಬಂದು ಮುಟ್ಟಿದೆ. ತೂಕ ಅರವತ್ತೊಂದು ಕಿಲೋ. ಮೂಗ ಅಲ್ಲ, ಮಲ್ಲಿನಾಥ. ವಾಪಸ್ ಹೋಗುವುದಿಲ್ಲ."

ಸಾಹುಕಾರರು ಹಮಾಲರ ಕಡೆ ತಿರುಗಿ, ತಮ್ಮ ಮುರುಕು ಕನ್ನಡದಲ್ಲಿ ನನಗೂ ಕೇಳುವ ಹಾಗೆ ಕೂಗಿದರು:

"ಮಾಲು ಇಳಸ್ರೋ! ಜ್ವಾಕಿ! ಸೀದಾ ಕಂಪ್ಯೂಟರ್ ಖುರ್ಚಿ ಮ್ಯಾಲ!"