ಬಬಲೇಶ್ವರದ ಗೌಡರೂ ನನ್ನ ಅರ್ಧ ನೌಕರಿಯೂ

ಎರಡು ದೋಣಿಯ ಮೇಲೆ ಕಾಲಿಟ್ಟವನು ಮುಳುಗುತ್ತಾನೆಂದು ಹಿರಿಯರು ಹೇಳುತ್ತಾರೆ. ಹಾಗೆ ಹೇಳಿದವರಿಗೆ ಪೂರ್ತಿ ದೋಣಿಯೊಂದು ಇದ್ದಿರಬೇಕು. ನನಗೆ ಸಿಕ್ಕಿದ್ದು ಅರ್ಧ ದೋಣಿ. ಇನ್ನೊಂದು ಕಾಲನ್ನು ಎಲ್ಲಿಡಬೇಕೆಂದು ಅವರು ಹೇಳಲಿಲ್ಲ. ಮಹಾಯುದ್ಧದ ಆ ವರ್ಷಗಳಲ್ಲಿ ನಾನು ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಶಾಲೆಯಲ್ಲಿ ಅರ್ಧ ದಿನದ ಡ್ರಾಯಿಂಗ್ ಮಾಸ್ತರನಾಗಿದ್ದೆ. ಬೆಳಿಗ್ಗೆ ಮಕ್ಕಳಿಗೆ ತಂಬಿಗೆ, ಮಾವಿನಕಾಯಿ ಬರೆಯಲು ಕಲಿಸುವುದು; ಮಧ್ಯಾಹ್ನದ ಮೇಲೆ ಹಳ್ಳಿಗಳಿಗೆ ಹೋಗಿ ತೀರಿಹೋದ ಹಿರಿಯರ ಚಿತ್ರ ಬರೆಯುವುದು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಆ ಹಿರಿಯರು ಬದುಕಿದ್ದಾಗ ಹೆದರುತ್ತಿದ್ದರು. ಅವರ ಹೆದರಿಕೆಯಿಂದ ನನ್ನ ಒಲೆ ಹೊತ್ತುತ್ತಿತ್ತು.

ಮುಖವನ್ನೇ ನೋಡಿರದವರ ಚಿತ್ರ ಹೇಗೆ ಬರೆಯುತ್ತೀರಿ ಎಂದು ನೀವು ಕೇಳಬಹುದು. ಸತ್ತವರನ್ನು ಹೋಲುವ ಸಂಬಂಧಿಕರನ್ನು ಎದುರಿಗೆ ಕೂಡ್ರಿಸಿ ಬರೆಯುವುದು ರೂಢಿ. ತಿಕೋಟಾದಲ್ಲಿ ಹೀಗೆಯೇ ಅಣ್ಣನ ಚಿತ್ರಕ್ಕೆ ತಮ್ಮನನ್ನು ಕೂಡ್ರಿಸಿದೆ. ಚಿತ್ರಕ್ಕೆ ಮಾಲೆ ಹಾಕಿ ಊದಿನಕಡ್ಡಿ ಹಚ್ಚಿದ ದಿನವೇ ಆ ತಮ್ಮನಿಗೆ ಚಳಿಜ್ವರ ಬಂತು. ಆಮೇಲೆ ನಾನು ಕಂಡರೆ ಸಾಕು, ಆತ ದಾರಿ ಬಿಟ್ಟು ಜೋಳದ ಹೊಲಕ್ಕೆ ಇಳಿಯುತ್ತಿದ್ದ. ಅಂದಿನಿಂದ ಸಂಬಂಧಿಕರ ಸಹವಾಸ ಬಿಟ್ಟೆ.

ಅಷ್ಟರಲ್ಲಿ ಶಾಲೆಯಲ್ಲಿ ನನ್ನ ಅರ್ಧ ನೌಕರಿಯನ್ನು ಪೂರ್ತಿ ಮಾಡುವ ಮಾತು ಹುಟ್ಟಿತು. ನನಗದು ಬೇಕಿತ್ತು, ಬಹಳ ಬೇಕಿತ್ತು. ಬಣ್ಣದ ಪೆಟ್ಟಿಗೆ ತಬ್ಬಿಕೊಂಡು ಸರ್ವಿಸ್ ಮೋಟಾರಿನಲ್ಲಿ ಧೂಳು ಕುಡಿದು ಸಾಕಾಗಿತ್ತು. ಹೆಡ್‌ಮಾಸ್ತರರು ಮಾತ್ರ, "ಗಡಬಡ ಮಾಡಬ್ಯಾಡ್ರಿ ಮಾಸ್ತರ. ನಿಮ್ಮ ಕೈ ಹ್ಯಾಂಗದ ಅಂತ ಒಮ್ಮೆ ನೋಡತೀನಿ, ಆಮ್ಯಾಲ ಪೂರಾ ಮಾಡೂಣಂತ" ಎಂದರು.

ಅದೇ ವಾರ ಬಬಲೇಶ್ವರದಿಂದ ಕರೆ ಬಂತು. ತೀರಿಹೋದ ಗೌಡರ ವರ್ಷಾಂತಿಕಕ್ಕೆ ಚಿತ್ರವಾಗಬೇಕಿತ್ತು. "ನಮ್ಮಪ್ಪ ಹುಲಿ ಇದ್ದಂಗ ಇದ್ದಾ ನೋಡ್ರಿ" ಎಂದ ಮಗ. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಇಲ್ಲ ಬಿಡ್ರಿ, ಆಕಳ ಇದ್ದಂಗ ಇದ್ದಾ" ಎಂದಳು. ನಾನು ಹುಲಿಯನ್ನೂ ಬರೆಯಬಲ್ಲೆ, ಆಕಳನ್ನೂ ಬರೆಯಬಲ್ಲೆ. ಎರಡೂ ಒಂದೇ ಮುಖದಲ್ಲಿ ಬೇಕೆಂದರೆ ನಾನು ಕಂಡಿದ್ದು ಒಂದೇ ಮುಖ. ನಮ್ಮ ಹೆಡ್‌ಮಾಸ್ತರರು ನಮ್ಮೆದುರು ಹುಲಿ, ಇನ್ಸ್‌ಪೆಕ್ಟರು ಬಂದರೆ ಆಕಳು. ನೆನಪಿನಿಂದ ಅವರ ಮುಖವನ್ನೇ ಬರೆದು ಮೂಗಿನ ಮೇಲಿನ ಚಾಳೀಸು ತೆಗೆದೆ, ಟೊಪ್ಪಿಗೆಯ ಬದಲು ಪಟಗ ಸುತ್ತಿದೆ, ದಪ್ಪ ಮೀಸೆ ಅಂಟಿಸಿ ಹಣೆಗೆ ವಿಭೂತಿ ಬಳಿದೆ. ಮಗ ನೋಡಿದವನೇ, "ಯಪ್ಪಾ, ಎದ್ದು ಬಂದೇನೋ!" ಎಂದು ಗೋಳೋ ಎಂದು ಅತ್ತ. ಅಷ್ಟು ಪ್ರೀತಿ ಕಂಡು ನನ್ನ ಕಣ್ಣೂ ತುಂಬಿತು.

ವರ್ಷಾಂತಿಕದ ಊಟಕ್ಕೆ ಮಗ ನನ್ನ ಜೊತೆಗೆ, ನನ್ನ ಶಾಲೆಯ ದೊಡ್ಡವರೆಂದು, ಹೆಡ್‌ಮಾಸ್ತರರನ್ನೂ ಕರೆದುಬಿಟ್ಟ. ಅವರನ್ನು ಕೂಡ್ರಿಸಿದ್ದು ನೇರ ಚಿತ್ರದ ಎದುರಿಗೆ. ನಾನು ಹೋಳಿಗೆಯ ಎಲೆಗೆ ಮುಖ ಬಗ್ಗಿಸಿ ಕುಳಿತೆ. ನೌಕರಿ ಪೂರ್ತಿಯಾಗುವುದಿರಲಿ, ಇದ್ದ ಅರ್ಧವೂ ಇಲ್ಲೇ ಮಣ್ಣಾಯಿತು ಎಂದುಕೊಂಡೆ. ಮಗ ಅವರ ಮುಖವನ್ನು ಮತ್ತೆ ಮತ್ತೆ ನೋಡಿ, "ಯಾಕೋ ಏನೋ, ನಿಮ್ಮನ್ನ ನೋಡಿದ್ರ ನಮ್ಮಪ್ಪನ ನೆನಪಾಗತದ್ರಿ" ಎಂದು ಕಾಲಿಗೆ ಬಿದ್ದ. ಹೆಡ್‌ಮಾಸ್ತರರು ಕೈತೊಳೆದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಏನ್ ಕಳೆ ರೀ ಮಾರಿ ಮ್ಯಾಲ! ಇಂಥಾ ಮಂದಿ ಈಗ ಎಲ್ಲಿ ಸಿಗಬೇಕು?" ಎಂದು ಕೈಮುಗಿದರು.

ಬರುವಾಗ ಮೋಟಾರಿನಲ್ಲಿ, "ಮಾಸ್ತರ, ನನ್ನದೂ ಒಂದ್ ಚಿತ್ರಾ ತೆಗೀರಿ. ಛಲೋ ಬಂತಂದ್ರ ನೌಕರಿ ಪೂರಾ ಆತಂತ ತಿಳೀರಿ" ಎಂದರು. ನನಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಬಾಯಿಪಾಠವಾಗಿದ್ದ ಮುಖ! ಎದುರಿಗೇ ಕೂಡ್ರಿಸಿಕೊಂಡು, ಮೀಸೆ ಪಟಗಗಳ ಹಂಗಿಲ್ಲದೆ, ಒಂದೊಂದು ಸುಕ್ಕನ್ನೂ ಭಕ್ತಿಯಿಂದ ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಬರೆದಿದ್ದು ಅದೊಂದೇ.

ಅವರು ಚಾಳೀಸು ಏರಿಸಿ ನೋಡಿದರು. ಮುಖ ಗಂಟಾಯಿತು. "ಏನ್ರಿ ಇದು? ಕಣ್ಣಮುಂದ ಕುಂತಾವನ ಮಾರಿ ಹಿಡೀಲಿಕ್ಕೆ ಬರಂಗಿಲ್ಲ ನಿಮಗ? ಆ ಗೌಡರ ಚಿತ್ರಾ ನೆನಸ್ಕೋರಿ. ಅದು ಕಳೆ ಅಂದ್ರ!"

ಅದೂ ನೀವೇ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆ ಚಿತ್ರಕ್ಕೆ ಹಾಕಿದ ಮಾಲೆಯೂ ತಿಕೋಟಾದ ಚಳಿಜ್ವರವೂ ನೆನಪಾಗಿ ನುಂಗಿಕೊಂಡೆ.

ನೌಕರಿ ಅರ್ಧವೇ ಉಳಿಯಿತು. ಬಬಲೇಶ್ವರದ ಚಿತ್ರ ನೋಡಿದವರು ಮಾತ್ರ, "ನಮ್ಮಪ್ಪಂದೂ ಹಂಗ ತೆಗೀರಿ" ಎಂದು ಹುಡುಕಿಕೊಂಡು ಬರತೊಡಗಿದರು. ನಾನೂ ಅದೇ ಮುಖಕ್ಕೆ ಮೀಸೆ ಪಟಗ ಬದಲಿಸಿ ತೆಗೆದುಕೊಟ್ಟೆ. ಬೆಳಿಗ್ಗೆ ಪೂರ್ತಿ ಹೆಡ್‌ಮಾಸ್ತರರಿಂದ ಬೈಸಿಕೊಳ್ಳುತ್ತಿದ್ದೆ. ಮಧ್ಯಾಹ್ನ ಯಾವುದಾದರೂ ಹಳ್ಳಿಯ ಪಡಸಾಲೆಯಲ್ಲಿ, ಮನೆಯವರೆಲ್ಲರ ಜೊತೆ ನಿಂತು, ಗೋಡೆಯ ಮೇಲಿನ ಅದೇ ಹೆಡ್‌ಮಾಸ್ತರರಿಗೆ ಊದಿನಕಡ್ಡಿ ಬೆಳಗಿ ಬರುತ್ತಿದ್ದೆ.