ಅಣ್ಣನ ಮನೆಗೆ ಬಡಗಿ ಹೋದದ್ದು

ಹಳೆಯ ಮುನಿಸನ್ನು ಹೊಸ ವರ್ಷಕ್ಕೆ ಹೊತ್ತುಕೊಂಡು ಹೋಗಬೇಡಿ ಎಂದು ಪಾದ್ರಿಗಳು ವರ್ಷದ ಕೊನೆಯ ಭಾನುವಾರ ಹೇಳಿದ್ದೇ ತಪ್ಪಾಯಿತು. ಉಳಿದವರೆಲ್ಲ ಆ ಮಾತನ್ನು ಚರ್ಚಿನ ಬಾಗಿಲಲ್ಲೇ ಬಿಟ್ಟು ಊಟಕ್ಕೆ ಹೋದರು. ಬಡಗಿಯೊಬ್ಬ ಮಾತ್ರ ಮನೆಗೆ ತಂದುಕೊಂಡ.

ಬಡಗಿಯೆಂದರೆ ಮಂಚ, ಕುರ್ಚಿ ಮಾಡುವವನಲ್ಲ, ಶವಪೆಟ್ಟಿಗೆ ಮಾಡುವವನು. ಜನ ಅವನನ್ನು ಕಂಡರೆ ಗೌರವದಿಂದ ತಲೆಯಾಡಿಸಿ ಪಕ್ಕದ ಬೀದಿ ಹಿಡಿಯುತ್ತಿದ್ದರು. ಮುಗಿಯುತ್ತಿದ್ದ ವರ್ಷವನ್ನು ಹಿಂತಿರುಗಿ ನೋಡಿದರೆ ಅವನಿಗೆ ಕಂಡದ್ದು ಹಲಗೆ, ಮೊಳೆ ಮತ್ತು ಅಳುವ ಮುಖಗಳು. ತನ್ನ ಪೆಟ್ಟಿಗೆಯ ಹಿಂದೆ ಅಳುತ್ತ ಬರುವವರು ಯಾರು ಎಂದು ಯೋಚಿಸಿದ. ಹೆಂಡತಿಯೊಬ್ಬಳೇ ನೆನಪಾದಳು. ಅದೂ ಖಾತ್ರಿಯಿರಲಿಲ್ಲ.

ಕೂಗಿದರೆ ಕೇಳುವಷ್ಟು ದೂರದಲ್ಲಿ ಅಣ್ಣನಿದ್ದ, ದರ್ಜಿ. ಅಮ್ಮನನ್ನು ಮಣ್ಣು ಮಾಡುವ ದಿನ ಅವನು ತಮ್ಮ ಮಾಡಿದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ಭುಜದ ಹತ್ತಿರ ಬಿಗಿಯಾಯಿತು ಎಂದಿದ್ದ. ನೀನು ಹೊಲಿದ ಉಡುಪೇ ದೊಗಳೆ ಎಂದು ಬಡಗಿ ತಿರುಗಿ ಹೇಳಿದ್ದ. ಅಲ್ಲಿ ನಿಂತ ಮಾತು ವರ್ಷಗಳಾದರೂ ಮತ್ತೆ ಶುರುವಾಗಿರಲಿಲ್ಲ.

ವರ್ಷದ ಕೊನೆಯ ದಿನ ಬೆಳಿಗ್ಗೆ, ಇದ್ದ ಒಂದೇ ಒಳ್ಳೆಯ ಕರಿ ಕೋಟನ್ನು ತೊಟ್ಟು ಹೊರಟ. ಜೇಬಿನಿಂದ ಅಳತೆ ಟೇಪು ನಾಲಗೆ ಚಾಚಿದ್ದನ್ನು ಗಮನಿಸಲಿಲ್ಲ. ಅಣ್ಣನ ಬಾಗಿಲು ತಟ್ಟಿದ, ಯಾರೂ ತೆಗೆಯಲಿಲ್ಲ. ಮೆಟ್ಟಿಲ ಮೇಲೆ ಕುಳಿತ. ಚಿಕ್ಕವನಿದ್ದಾಗ ಅಣ್ಣ ಹೆಗಲ ಮೇಲೆ ಕೂರಿಸಿಕೊಂಡು ಓಡುತ್ತಿದ್ದದ್ದು ನೆನಪಾಗಿ ಕಣ್ಣೊರೆಸಿಕೊಂಡ.

ಬೀದಿಯವರೆಲ್ಲ ಅತ್ತೆ ಎಂದು ಕರೆಯುವ ಎದುರುಮನೆಯಾಕೆಗೆ ಅಷ್ಟು ಸಾಕಾಯಿತು. ಸೆರಗು ಬಾಯಿಗಿಟ್ಟು ಓಡಿಬಂದಳು.

"ಕೊನೆಗೆ ಏನಾದ್ರೂ ಮಾತಾಡಿದ್ರಾ?"

"ಒಂದೇ ಒಂದು ಮಾತೂ ಆಡಲಿಲ್ಲ" ಎಂದ ಬಡಗಿ, ತನ್ನದೇ ಗುಂಗಿನಲ್ಲಿ.

ಸುದ್ದಿ ಒಣಹುಲ್ಲಿಗೆ ಬಿದ್ದ ಬೆಂಕಿಯಂತೆ ಓಡಿತು. ಅಕ್ಕಪಕ್ಕದವರು ಕುರ್ಚಿ ತಂದು ಹಾಕಿದರು. ಸಮಾಧಿ ತೋಡುವವನು ಬಂದು, ನೆರಳಿರುವ ಕಡೆ ಅಗೆಯಲೋ ಬಿಸಿಲ ಕಡೆಯೋ ಎಂದು ಮೆತ್ತಗೆ ವಿಚಾರಿಸಿದ. ದರ್ಜಿ ಎಂಥ ದೊಡ್ಡ ಮನುಷ್ಯನಾಗಿದ್ದ ಎಂದು ಕ್ಷೌರಿಕ ಶುರುಮಾಡಿ, ತನ್ನ ಪ್ಯಾಂಟು ಇನ್ನೂ ಒಳಗೇ ಇದೆ ಎಂಬಲ್ಲಿಗೆ ಮುಗಿಸಿದ. ಆಗ ಬಡಗಿಗೆ ವಿಷಯ ಹೊಳೆದು ಗಾಬರಿಯಾಯಿತು.

"ಅಣ್ಣ ಹೋಗಿಲ್ಲ" ಎಂದ.

"ಹೌದಪ್ಪ, ಎಲ್ಲಿ ಹೋಗ್ತಾರೆ? ನಮ್ಮ ಮನಸ್ಸಲ್ಲಿ ಇದ್ದೇ ಇರ್ತಾರೆ" ಎಂದು ಅತ್ತೆ ಅವನ ಬೆನ್ನು ಸವರಿದಳು.

ಪಾದ್ರಿಗಳು ಏದುಸಿರು ಬಿಡುತ್ತ ಬಂದು ಹಾಡಿಗೆ ದನಿಯೆತ್ತಿದರು. ಎರಡನೆಯ ಚರಣದಲ್ಲಿ ಬಾಗಿಲು ತೆರೆಯಿತು. ಸೊಂಟಕ್ಕೆ ಟವೆಲು, ತಲೆತುಂಬ ಸೋಪಿನ ನೊರೆ, ದರ್ಜಿ ನಿಂತಿದ್ದ. ಹಾಡು ಅಲ್ಲೇ ಒಣಗಿತು.

ಇನ್ನು ತಡಮಾಡಿದರೆ ಆಗದೆಂದು ಬಡಗಿ ಅಣ್ಣನ ಒದ್ದೆ ಕೈ ಹಿಡಿದ. ಅಮ್ಮನನ್ನು ಮಣ್ಣು ಮಾಡಿದ ದಿನ ಆಡಿದ ಮಾತಿಗೆ ತನ್ನನ್ನು ಕ್ಷಮಿಸಬೇಕೆಂದು ಎಲ್ಲರ ಮುಂದೆ ಕೇಳಿಕೊಂಡ. ಪಾದ್ರಿಗಳ ಕಣ್ಣು ತುಂಬಿತು.

"ಅದಾ?" ಎಂದ ದರ್ಜಿ. "ಅವತ್ತು ಸಂಜೆನೇ ಕ್ಷಮಿಸಿದ್ದೆ. ಪೆಟ್ಟಿಗೆ ಚೆನ್ನಾಗೇ ಇತ್ತು."

"ಮತ್ತೆ ಇಷ್ಟು ವರ್ಷ ಯಾಕಣ್ಣ ಮಾತಾಡಲಿಲ್ಲ?"

ದರ್ಜಿ ನೊರೆ ಒರೆಸಿಕೊಂಡು ಸ್ವಲ್ಪ ಯೋಚಿಸಿದ. ಅವನ ಮುಖದಲ್ಲಿ ಕೋಪ ಎಳ್ಳಷ್ಟೂ ಇರಲಿಲ್ಲ.

"ನೀನು ಬರ್ತಿರಲಿಲ್ಲ. ಮನೆ ನಿಶ್ಶಬ್ದವಾಗಿತ್ತು. ಹಿಡಿಸ್ತು ಕಣೋ."

ನೀರು ಆರುತ್ತದೆಂದು ಹೇಳಿ, ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡ.

ಜನ ಒಂದಿಷ್ಟು ಬೇಸರದಿಂದಲೇ ಕುರ್ಚಿ ಎತ್ತಿಕೊಂಡು ಹೋದರು. ಪಾದ್ರಿಗಳು ಬಡಗಿಯ ಕೈ ಕುಲುಕಿ, ಇನ್ನು ಹೊಸ ವರ್ಷಕ್ಕೆ ಹಗುರವಾಗಿ ಕಾಲಿಡಬಹುದು ಎಂದರು. ಅವನು ತಲೆಯಾಡಿಸಿದ.

ಮನೆಯಲ್ಲಿ ಹೆಂಡತಿ, ಭಾವ ಏನಂದರು ಎಂದು ಕೇಳಿದಳು. ಯಾವತ್ತೋ ಕ್ಷಮಿಸಿದ್ದನಂತೆ ಎಂದು ಹೇಳಿ ಕೋಟು ಬಿಚ್ಚಿದ. ಬೆಳಿಗ್ಗೆ ಹೊರಡುವಾಗ ಅವನಿಗೆ ಒಂದು ಜಗಳವಾದರೂ ಇತ್ತು.