ಆರು ಕೋರೂ ನನ್ನ ಮರಾಠಿಯೂ

ನಾನು ಸಿಟ್ಟಿನ ಮನುಷ್ಯನಲ್ಲ. ಸಿಟ್ಟಿನವನು ಎಂದು ಯಾರಾದರೂ ಅಂದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದ ಊರು ಸಂಖದಲ್ಲಿ ನನ್ನದೊಂದು ಕಿರಾಣಿ ಅಂಗಡಿ ಇದೆ. ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಸಾಕು, ಹೊಸದೋ ಹಳೆಯದೋ ಹೇಳಿಬಿಡುತ್ತೇನೆ. ಇಂಥ ಪರಿಣತನಿಗೆ ಪೇಟೆಯಿಂದ ಕಂಪ್ಯೂಟರಿಗೊಂದು ಪ್ರೊಸೆಸರ್ ತರುವುದು ಯಾವ ದೊಡ್ಡ ಮಾತು ಎಂದು ನಾನು ತಿಳಿದಿದ್ದೆ. ತಿಳಿದದ್ದೇ ತಪ್ಪಾಯಿತು.

ಪ್ರೊಸೆಸರ್ ಬೇಕಾಗಿದ್ದದ್ದು ನನ್ನ ಹೆಂಡತಿ ಶೋಭಾಳಿಗೆ. ಮಧ್ಯಾಹ್ನದ ಹೊತ್ತು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡುತ್ತಾಳೆ. ಮೊದಮೊದಲು ನಾನು ನಕ್ಕೆ. ಆಮೇಲೆ ಕೊಲ್ಹಾಪುರದ ಹುಡುಗರೂ ಸೋಲಾಪುರದ ಹುಡುಗರೂ ಅವಳ ಹಿಂದೆ ಧೂಳು ತಿನ್ನತೊಡಗಿದಾಗ ನಗು ನಿಂತಿತು. ಆನ್‌ಲೈನ್ ಸ್ಪರ್ಧೆಯಲ್ಲಿ ಫೈನಲ್ ತನಕ ಬಂದಿದ್ದಳು. ರವಿವಾರ ಸಂಜೆ ಫೈನಲ್. ಅಡ್ಡಿ ಒಂದೇ, ನಾಲ್ಕು ಕೋರಿನ ಹಳೆಯ ಪ್ರೊಸೆಸರ್.

"ತಿರುವು ಬಂತಂದ್ರ ಚಿತ್ರ ನಿಂತಬಿಡ್ತೈತ್ರಿ. ಮತ್ತ ಚಾಲೂ ಆಗೂದ್ರಾಗ ನನ್ನ ಗಾಡಿ ಗ್ವಾಡಿಗೆ ಬಡದಿರ್ತೈತಿ. ಆರು ಕೋರಿಂದು ಬೇಕು. ಗೇಮಿಂಗದ್ದು, ಸಸ್ತಾದ್ದು ಸಿಗ್ತೈತಿ" ಎಂದಳು.

ಅಷ್ಟರಲ್ಲಿ ಅವಳ ತಮ್ಮ ಸಿದ್ದು ವಳಸಂಗದಿಂದ ಫೋನು ಮಾಡಿದ. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಎನ್ನುತ್ತಾರೆ. ಸಿದ್ದು ಆ ಶಬ್ದವನ್ನು ಬೈಗುಳದ ಹಾಗೆ ಬಳಸುತ್ತಾನೆ.

"ದಾಜಿ, ನಾಲ್ಕು ಕೋರ್ ಭಾಳ ಆತು. ಆರು ಅಂದ್ರ ಸುಮ್ನ ದಂಡ. ನಂದೂ ನಾಲ್ಕರದ್ದ ಐತಿ, ಹೆಂಗ ಓಡ್ತೈತಿ ಬಂದ ನೋಡ್ರಿ!"

ಅಲ್ಲಿಯವರೆಗೆ ನನಗೆ ನಾಲ್ಕೂ ಒಂದೇ, ಆರೂ ಒಂದೇ. ಆ ಕ್ಷಣದಿಂದ ನಾನು ಆರು ಕೋರಿನ ಪಕ್ಷಕ್ಕೆ ಸೇರಿದೆ. ಆರು ಕೋರ್ ತರದೆ ಮನೆಗೆ ಬರುವುದಿಲ್ಲ ಎಂದು ಘೋಷಿಸಿದೆ.

ಪುರಾವೆಗಾಗಿ ವಿಡಿಯೋ ನೋಡಿದೆ. ಎಲ್ಲದರ ಮೇಲೂ ಒಬ್ಬ ಬಾಯಿ ತೆರೆದುಕೊಂಡು ನಿಂತಿರುತ್ತಾನೆ. 'ಈ ಪ್ರೊಸೆಸರ್ ಪೈಸಾ ವಸೂಲ್ ಹೌದೋ ಅಲ್ಲವೋ?' ಅದನ್ನೇ ಅಲ್ಲವೇನಯ್ಯಾ ನಾನು ನಿನ್ನನ್ನು ಕೇಳುತ್ತಿರುವುದು! ಅರ್ಧ ತಾಸು ತಲೆ ತಿಂದು ಕೊನೆಗೆ ಹೇಳುತ್ತಾನೆ, ಅದು ನಿಮ್ಮ ನಿಮ್ಮ ಅಗತ್ಯಕ್ಕೆ ಬಿಟ್ಟದ್ದು. ನನಗೆ ಮೈಯೆಲ್ಲ ಉರಿಯಿತು.

ಅಂಗಡಿಗೆ ಬಂದ ಕುರಿಗಾರ ಬೀರಪ್ಪ ಕೇಳಿದ, "ಸಾವಕಾರ್ರ, ಆರು ಕೋರ್ ಅಂದ್ರ ಏನ್ರಿ?"

"ಒಳಗ ಆರು ಮಂದಿ ಕೂಡಿ ದುಡದಂಗ."

"ಒಂದು ಆಟಕ್ಕ ಆರು ಮಂದಿ? ಅಷ್ಟು ದೊಡ್ಡ ಹಿಂಡಿಗೆ ನಾವಿಬ್ಬರ ಅದೀವಲ್ರಿ!"

ಅವನ ಮೇಲೂ ಸಿಟ್ಟು ಬಂತು. ಬೆಲ್ಲ ತೂಗಿಕೊಟ್ಟು ಕಳಿಸಿದೆ.

ಶನಿವಾರ ಸಾಂಗ್ಲಿಗೆ ಹೊರಟೆ. "ನಾನೂ ಬರ್ತೀನ್ರಿ" ಎಂದಳು ಶೋಭಾ. ಬೇಡ ಎಂದೆ. "ಹಂಗಾರ ಅಂಗಡಿಯಾಗ ನಿಂತು ಫೋನ್ ಹಚ್ರಿ, ನಾ ಮಾತಾಡ್ತೀನಿ." ನನಗೇನು ಮಾತು ಬರುವುದಿಲ್ಲವೇ? ಎಸ್‌ಟಿ ಬಸ್ಸು ಹತ್ತಿದ ಕೂಡಲೇ ಫೋನು ಬಂದ್ ಮಾಡಿದೆ.

ಈಗ ನನ್ನ ಮರಾಠಿಯ ವಿಷಯ ಹೇಳಬೇಕು. ದಾರಿಯಲ್ಲಿ ಜತ್ತ ಊರು ದಾಟುವವರೆಗೆ ನನ್ನ ಮರಾಠಿ ಚಲೋ ಇರುತ್ತದೆ. ಸಾಂಗ್ಲಿ ಬಂತೆಂದರೆ ಅದಕ್ಕೆ ಪೊಗರು ಏರುತ್ತದೆ. ಕನ್ನಡದವನು ಎಂದು ಗೊತ್ತಾಗಬಾರದು ಎಂದು ಪ್ರತಿ ಶಬ್ದದ ಕೊನೆಗೂ ಒಂದು ದೀರ್ಘ ಎಳೆಯುತ್ತೇನೆ. ಅಂಗಡಿಯ ಎದುರಿಗೆ ಒಂದು ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ನಿಂತಿತ್ತು. ಅಂಗಡಿಯವನು ಒಂದು ಡಬ್ಬಿ ಮುಂದಿಟ್ಟ. ನಾನು ಗತ್ತಿನಿಂದ ಕೇಳಿದೆ, "ಸಹಾ ಕೋರಾ ಆಹೇ ನಾ?"

"ಕೋರಾಚ್ ಆಹೇ ಸಾಹೇಬ! ಏಕದಮ್ ಕೋರಾ!"

ಆಹೇ ಅಂದರೆ ಇದೆ, ಸಹಾ ಅಂದರೆ ಆರು. ಆ ಆರನ್ನು ಟ್ರ್ಯಾಕ್ಟರಿನ ಹಾಡು ನುಂಗಿತ್ತು. ಉಳಿದದ್ದು ಕೋರಾ. ಮರಾಠಿಯಲ್ಲಿ ಕೋರಾ ಅಂದರೆ ಯಾರೂ ಬಳಸದ, ಹೊಚ್ಚ ಹೊಸದು! ಕೋರಾ ಕಾಗದ, ಕೋರಾ ಬಟ್ಟೆ. ಪಾಪ, ಅವನು ಸೀಲು ತೋರಿಸಿ ತೋರಿಸಿ ಕೋರಾ ಎಂದು ಆಣೆ ಮಾಡಿದ. ನಾನು ಆರು ಎಂದು ತಲೆಯಾಡಿಸಿದೆ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತಂತೆ. ಓದುವ ಕನ್ನಡಕ, ಚಾಳೀಸು, ಕಿಸೆಯಲ್ಲೇ ಇತ್ತು. ಆದರೆ ಗೇಮಿಂಗ್ ಸಾಮಾನು ಕೊಳ್ಳುವವನು ಚಾಳೀಸು ಹಾಕಿದರೆ ಏನು ಶೋಭೆ?

ಬೆಲೆಯೂ ನಾನು ಎಣಿಸಿದ್ದಕ್ಕಿಂತ ಭಾಳ ಕಡಿಮೆ. ಅನುಮಾನ ಬರಬೇಕಿತ್ತು, ಹೆಮ್ಮೆ ಬಂತು. ತಿರುಗಿ ಬರುವಾಗ ಬಸ್ಸಿನಿಂದಲೇ ಫೋನು ಚಾಲೂ ಮಾಡಿ ಸಿದ್ದುಗೆ ಹಚ್ಚಿ ವ್ಯಾಪಾರ ಅಂದರೆ ಹೇಗೆ ಮಾಡಬೇಕೆಂದು ಉಪನ್ಯಾಸ ಕೊಟ್ಟೆ.

ರವಿವಾರ ಮುಂಜಾನೆ ಪ್ರೊಸೆಸರ್ ಪ್ರತಿಷ್ಠಾಪನೆ. "ನಾ ಹಾಕ್ತೀನಿ, ನೀವು ಸರೀರಿ" ಎಂದಳು ಶೋಭಾ. ನಾನು ಸರಿಯಲಿಲ್ಲ. ಹಳೆಯ ಪ್ರೊಸೆಸರಿನ ಮೇಲಿನ ಫ್ಯಾನು ಬಿಗಿಯಾಗಿ ಅಂಟಿತ್ತು. ನನಗೂ ಅದಕ್ಕೂ ಹಟ ಬಿತ್ತು. ಸಿಟ್ಟಿನಿಂದ ಜಗ್ಗಿದೆ. ಫ್ಯಾನಿನ ಸಂಗಡ ಪ್ರೊಸೆಸರೂ ಕಿತ್ತು ಬಂದು, ನೆಲಕ್ಕೆ ಬಿದ್ದು, ನನ್ನ ಕಾಲಡಿಗೇ ಸೇರಿತು. ಅದರ ಹೊಟ್ಟೆಯ ಕೆಳಗಿನ ಸಣ್ಣ ಕಡ್ಡಿಗಳೆಲ್ಲ ಸೊಟ್ಟಗಾಗಿ ನೆಲಕಚ್ಚಿದವು.

"ಅಯ್ಯ! ಏನ್ ಮಾಡಿದ್ರಿ?"

"ಹೋಗಲಿ ಬಿಡ. ಹಳೇದನ್ನ ಇಟ್ಕೊಂಡು ಪೂಜಾ ಮಾಡ್ತಿಯೇನು?"

ಹೊಸದನ್ನು ಅವಳೇ ಹಾಕಿದಳು. ಕಂಪ್ಯೂಟರ್ ಚಾಲೂ ಆಯಿತು. ಶೋಭಾ ಏನೋ ಒತ್ತಿ ಪರದೆಯನ್ನೇ ನೋಡುತ್ತ ಕುಳಿತಳು. ಆಮೇಲೆ ನನ್ನನ್ನು ನೋಡಿದಳು.

"ಇದ್ರಾಗ ಎರಡ ಕೋರ್ ಅದಾವ."

"ಚಂದಗೆ ಎಣಿಸು!"

"ಎರಡು ಎಣಸಾಕ ಎಷ್ಟೊತ್ತು ಬೇಕ್ರಿ?"

ಅಂಗಡಿಯವನಿಗೆ ಫೋನು ಮಾಡಿ ಮೋಸಗಾರ ಎಂದು ಕೂಗಾಡಿದೆ. ಅವನು ಶಾಂತವಾಗಿ, ನೀವು ಕೋರಾ ಕೇಳಿದಿರಿ, ಕೋರಾ ಕೊಟ್ಟೆ, ಬೇಕಾದರೆ ನಾಳೆ ಬದಲಿಸಿಕೊಡುತ್ತೇನೆ, ಇವತ್ತು ಬಂದ್ ಎಂದ. ಸಿಟ್ಟು ಮಾಡಲು ನನಗೆ ಯಾರೂ ಉಳಿಯಲಿಲ್ಲ. ಹಳೆಯ ನಾಲ್ಕು ಕೋರನ್ನು ನಾನೇ ತುಳಿದಿದ್ದೆ. ಫೈನಲ್ ಸಂಜೆಗೇ ಇತ್ತು.

ಅವನ ಕಂಪ್ಯೂಟರಿನಲ್ಲೇ ಆಡುತ್ತೇನೆ ಎಂದು ಶೋಭಾ ತಮ್ಮನಿಗೆ ಫೋನು ಮಾಡಿದಳು. ಮಧ್ಯಾಹ್ನ ಅವಳನ್ನು ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ವಳಸಂಗಕ್ಕೆ ಹೋದೆ. ಸಿದ್ದು ಬಾಗಿಲಲ್ಲೇ ನಿಂತಿದ್ದ.

"ಬರ್ರಿ ದಾಜಿ, ಕುಂದ್ರಿ. ನಾಲ್ಕು ಕೋರ್ ಸಾಕಾಗ್ತೈತೋ ಇಲ್ಲೋ, ಈಗ ನೋಡೂಣಂತ."

ಸ್ಪರ್ಧೆ ಶುರುವಾಯಿತು. ಶೋಭಾ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು, ಕಣ್ಣು ಪಿಳುಕಿಸಲಿಲ್ಲ. ಮೊದಲ ಸುತ್ತಿಗೇ ಎಲ್ಲರನ್ನೂ ಹಿಂದೆ ಹಾಕಿದಳು. ಸಿದ್ದು ಸಿಳ್ಳೆ ಹೊಡೆದ. ನನಗೆ ಮಾತ್ರ ಸಂಕಟ. ಅವಳು ಗೆದ್ದರೆ ಸಿದ್ದುವಿನ ನಾಲ್ಕು ಕೋರ್ ಗೆದ್ದ ಹಾಗೆ. ಇನ್ನು ಪ್ರತಿ ಹಬ್ಬಕ್ಕೂ ಹೋಳಿಗೆಯ ಸಂಗಡ ಅದನ್ನೂ ಬಡಿಸುತ್ತಾನೆ! ಆದರೂ ಅವಳೇ ಗೆಲ್ಲಲಿ ಎಂದು ದೇವರಿಗೆ ಬೇಡಿಕೊಂಡೆ. ಬೇಡಿಕೆಯಲ್ಲಿ ಜೋರು ಇರಲಿಲ್ಲ, ಒಪ್ಪುತ್ತೇನೆ.

ಕೊನೆಯ ತಿರುವು ಬಂತು. ಚಿತ್ರ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಮತ್ತೆ ಚಾಲೂ ಆದಾಗ ಅವಳ ಕಾರು ಗೋಡೆಗೆ ಬಡಿದು ನಿಂತಿತ್ತು. ಎರಡು ಕಾರು ಪಕ್ಕದಿಂದ ಹಾದುಹೋದವು.

ನಾನು ಜಿಗಿದು ನಿಂತೆ. "ನೋಡಿದಿ ಸಿದ್ದು? ನೋಡಿದಿ? ನಾಲ್ಕು ಸಾಲೂದಿಲ್ಲ! ಆರೇ ಬೇಕು! ನಾ ಮೊದಲ ಹೇಳಿದ್ದಿಲ್ಲೇನು?" ಎಂದು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದೆ.

ಮನೆಯಲ್ಲಿ ಆ ಚಪ್ಪಾಳೆಯೊಂದೇ ಕೇಳಿಸುತ್ತಿತ್ತು. ಶೋಭಾ ಹೆಡ್‌ಫೋನ್ ತೆಗೆದಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

"ಹೌದ್ರಿ, ಆರೇ ಬೇಕಿತ್ತು. ಅದನ್ನ ತರಾಕಂತನ ನಿಮ್ಮನ್ನ ಕಳಸಿದ್ದೆ" ಎಂದಳು.

ನನ್ನ ಕೈಗಳು ಎಲ್ಲಿದ್ದವೋ ಅಲ್ಲೇ ನಿಂತವು. ಆ ದಿನ ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಸಿದ್ದುವಿನ ಮೇಲೂ ಬಂದಿರಲಿಲ್ಲ.

ಸೋಮವಾರ ಅವಳೇ ಸಾಂಗ್ಲಿಗೆ ಹೋಗಿ, ಮೇಲಿನ ರೊಕ್ಕ ಕೊಟ್ಟು ಬದಲಿಸಿ ತಂದಳು. ಈಗ ಯಾವ ತಿರುವಿನಲ್ಲೂ ಚಿತ್ರ ನಿಲ್ಲುವುದಿಲ್ಲ. ಸ್ಪರ್ಧೆ ಮಾತ್ರ ಮುಗಿದುಹೋಗಿದೆ, ಮುಂದಿನದು ಯಾವಾಗಲೋ. ಗಿರಾಕಿಗಳು ಬಂದು ಕೇಳುತ್ತಾರೆ, "ಸಾವಕಾರ್ರ, ಆರು ಕೋರಿಂದು ಕೊಟ್ಟ ರೊಕ್ಕಕ್ಕ ತಕ್ಕಂಗ ಐತೇನ್ರಿ?"

ಐತಿ. ಒಂದು ಪೈಸೆಯೂ ದಂಡವಿಲ್ಲ. ಬಾಯಿ ತೆರೆದು ನಿಂತ ವಿಡಿಯೋದವನು ಹೇಳದ ಮಾತನ್ನು ನಾನು ಎದೆ ತಟ್ಟಿ ಹೇಳುತ್ತೇನೆ. ಆದರೆ ಕೇಳಿದವರು ಅಷ್ಟಕ್ಕೇ ಹೋಗುವುದಿಲ್ಲ.

"ನೀವ ಆರಿಸಿ ತಂದ್ರೇನ್ರಿ?"

ಒಳಗಿನಿಂದ ಶೋಭಾ ನಗುವುದು ಕೇಳಿಸುತ್ತದೆ. ನನಗೆ ಸಿಟ್ಟು ಬರುತ್ತದೆ!